ಬಾಗಿನಕ್ಕೆ ಕಾದ ಕೆರೆ

ಸೆಪ್ಟೆಂಬರ್ ೩, ಬುಧವಾರ

ತುಮಕೂರಿನ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಪುಸುಪುಸು ಗಾಳಿ ತುಂಬಿ, ಮುಳ್ಳು ನೋಡಿ ಮುಖ ಗಂಟು ಹಾಕಿಕೊಂಡ. ಸಿಟ್ಟು ಬಂದಾಗ ಕೂಗಾಡಬೇಡಿ, ಒಂದು ಪುಸ್ತಕದಲ್ಲಿ ಬರೆದಿಡಿ ಅಂದ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಬಸ್ಸಿನ ಟ್ರಿಪ್ ಶೀಟು ಬಿಟ್ಟರೆ ಏನೂ ಬರೆದವನಲ್ಲ ಅಂದೆ. ನಕ್ಕ. ಅವನು ನಕ್ಕಿದ್ದಕ್ಕೆ ಬಂದ ಸಿಟ್ಟನ್ನೇ ಮೊದಲು ಬರೆದಿದ್ದೇನೆ.

ಗುಬ್ಬಿಯಿಂದ ಕುಣಿಗಲ್‌ವರೆಗೆ ಪ್ರೈವೇಟ್ ಬಸ್ಸು ಓಡಿಸಿಯೇ ಕೂದಲು ಬೆಳ್ಳಗಾದವನು ನಾನು. ಹಾರನ್ ಮುಟ್ಟದೆ ಬಸ್ಸು ಓಡಿಸು ಅಂದ ಹಾಗಾಯಿತು ಅವನ ಮಾತು.

ಮನೆಗೆ ಬಂದರೆ ಸಾಸಿವೆ ಎಣ್ಣೆಯ ಘಾಟು. ಮಗ ಲಕ್ಷ್ಮೀಕಾಂತ ಹಿರೇಹಳ್ಳಿ ಫ್ಯಾಕ್ಟರಿಗೆ ಕೆಲಸಕ್ಕೆ ಅಂತ ಹೋದವನು ಅಲ್ಲೇ ಪ್ಯಾಕಿಂಗ್‌ನಲ್ಲಿದ್ದ ಒರಿಸ್ಸಾದ ಹುಡುಗಿಯನ್ನು ಮದುವೆಯಾದ. ಆದಮೇಲೆ ನನಗೆ ಫೋನು ಮಾಡಿದ. ಅವನ ತಾಯಿ ಇದ್ದಿದ್ದರೆ ಎದೆ ಹಿಡಿದುಕೊಂಡು ಕೂರುತ್ತಿದ್ದಳು, ಮುಂಚೆಯೇ ಹೋಗಿ ಬಚಾವಾದಳು. ಬಂದವಳ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಹೊರಳಿಸಬೇಕು ಅಂತಲೂ ಇಲ್ಲ. ಸದಾಶಿವಯ್ಯನ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದು ಮಲಗಿದೆ.

ಸೆಪ್ಟೆಂಬರ್ ೧೪, ಭಾನುವಾರ

ಬೆಳಿಗ್ಗೆ ಕೆರೆ ಕೋಡಿ ಬಿತ್ತು. ಎಷ್ಟೋ ವರ್ಷದ ಮೇಲೆ ತುಂಬಿ ಹರಿಯುತ್ತಿದೆ. ಊರಿಗೆ ಊರೇ ಕೋಡಿಯ ಹತ್ತಿರ ಮೊಬೈಲು ಹಿಡಿದು ನಿಂತಿತ್ತು. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಬರೆಯಲಿ.

ಪಂಚಾಯಿತಿ ಅಧ್ಯಕ್ಷ ಬಸವರಾಜ್ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಬಂದು, ಶಾಸಕರೇ ಬಾಗಿನ ಬಿಡುತ್ತಾರೆ, ಡೇಟು ಇನ್ನೂ ಕೊಟ್ಟಿಲ್ಲ ಅಂದ. ಮೊರದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ ಇಟ್ಟು ತುಂಬಿದ ಕೆರೆಗೆ ಬಿಡಲು ಈಗ ಶಾಸಕರೇ ಆಗಬೇಕು. ನಾವು ಹುಡುಗರಾಗಿದ್ದಾಗ ಊರಿನ ಮುತ್ತೈದೆಯರೇ ಬಿಡುತ್ತಿದ್ದರು. ಕೋಡಿ ಬಿದ್ದ ದಿನವೇ ಮುಗಿದುಹೋಗುತ್ತಿತ್ತು.

ನಮ್ಮೂರಲ್ಲಿ ಇನ್ನೊಂದು ಪದ್ಧತಿ ಇದೆ. ಕೋಡಿ ಬಿದ್ದ ದಿನದಿಂದ ಬಾಗಿನ ಆಗುವವರೆಗೆ ಏರಿಯ ಕೆಳಗಿನ ಮನೆಯವರು ಬಾಗಿಲಿಗೆ ಬೀಗ ಹಾಕಿಕೊಂಡು ಹೊರಡುವಂತಿಲ್ಲ. ಗಂಗಮ್ಮ ಮನೆತನಕ ಬಂದಾಗ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಅಂತ. ದೀಪ ಹಚ್ಚಿ, ಬಾಗಿಲು ತೆಗೆದಿಟ್ಟುಕೊಂಡು ಮನೆಯಲ್ಲೇ ಇರಬೇಕು. ನನ್ನ ಅಕ್ಕ ಕಲ್ಲಮ್ಮನ ಮನೆ ಅಲ್ಲೇ, ಏರಿಗೆ ಬೆನ್ನು ಕೊಟ್ಟುಕೊಂಡಿದೆ. ಭಾವ ಸತ್ತ ಮೇಲೆ ಅವಳು, ಅವಳ ಹಸು, ಅಷ್ಟೇ. ಹೋಗಿ ನೋಡಿದರೆ ಮದುವೆ ಮನೆಯ ಹಾಗೆ ಸಾರಿಸಿ ರಂಗೋಲಿ ಬಿಟ್ಟು ಕೂತಿದ್ದಾಳೆ.

ಸೆಪ್ಟೆಂಬರ್ ೧೭, ಬುಧವಾರ

ಅಕ್ಕನ ಹಿತ್ತಲಿಗೆ ಕಾಲು ತೊಳೆಯಲು ಹೋದೆ. ಏರಿಯ ಬುಡದಲ್ಲಿ ನೀರು ಜಿನುಗುತ್ತಿದೆ. ತುಂಬಿದ ಕೆರೆಯ ಬುಡ ಒದ್ದೆಯಾಗುವುದು ಹೊಸದಲ್ಲ. ಆದರೆ ಇದು ಕೆಂಪಗಿತ್ತು. ನೀರಿನ ಜೊತೆ ಮಣ್ಣು ಬರುತ್ತಿದೆ ಎಂದರೆ ಏರಿ ಒಳಗೊಳಗೇ ಕರಗುತ್ತಿದೆ ಅಂತ ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಕ್ಕನಿಗೆ ತೋರಿಸಿದೆ. "ತಾಯಿ ಬೆವರ್ತಾವ್ಳೆ ಬುಡ್ಲಾ ಕಾಳ" ಅಂದಳು.

ಊಟಕ್ಕೆ ಕೂತಾಗ ಮಗನಿಗೆ ಈ ಮಾತು ಹೇಳಿದೆ. ಹೇಳಿದ್ದು ಮಗನಿಗೆ. ಅವಳು ಒಲೆಯ ಹತ್ತಿರದಿಂದಲೇ ಬಾಯಿ ಹಾಕಿದಳು. ಫ್ಯಾಕ್ಟರಿಯಲ್ಲಿ ಕಲಿತ ಕನ್ನಡ, ಡಬ್ಬಿಯಿಂದ ನಟ್ಟು ಬೋಲ್ಟು ಸುರಿದ ಹಾಗಿರುತ್ತದೆ.

"ನಮ್ಮ ಕಡೆ ಗಾಳಿ ಬರೋ ಮುಂಚೆ ಸರ್ಕಾರ ಬರುತ್ತೆ ಮಾವ. ಇಲ್ಲಿ ನೀರು ಹೋದ ಮೇಲೆ ಬರುತ್ತಾ?"

ಮೈಯೆಲ್ಲ ಉರಿಯಿತು. ಈ ಸರ್ಕಾರವನ್ನು ಬೈಯುವುದಕ್ಕೆ ಓಟು ಹಾಕಿದವನು ನಾನು, ನೀನು ಯಾರಮ್ಮ ಅಂದೆ. ನಮ್ಮ ಸರ್ಕಾರ ಅಕ್ಕಿ ಕೊಡುತ್ತದೆ, ಹೆಂಗಸರಿಗೆ ಬಸ್ಸು ಫ್ರೀ ಬಿಟ್ಟಿದೆ, ನೀನೂ ಅದರಲ್ಲೇ ಓಡಾಡುತ್ತೀಯ, ನಿಮ್ಮೂರು ಅಷ್ಟು ಚೆಂದ ಇದ್ದಿದ್ದರೆ ಹಿರೇಹಳ್ಳಿಗೆ ಯಾಕೆ ಬಂದೆ ಅಂದೆ. ಅವಳು ರೊಟ್ಟಿ ತಿರುವಿ ಹಾಕಿದಳು. ಮಗ ತಟ್ಟೆ ಬಿಟ್ಟು ಎದ್ದ. ಇಡೀ ದಿನ ಮನಸ್ಸಿನಲ್ಲಿ ಈ ಸರ್ಕಾರವನ್ನು ನಾನೇ ಬೈದುಕೊಂಡಿದ್ದೆ. ಅವಳ ಬಾಯಿಂದ ಕೇಳಿದ ಕೂಡಲೇ ಅದರ ವಕೀಲನಾದೆ. ಅದಕ್ಕೂ ಅವಳ ಮೇಲೇ ಸಿಟ್ಟು.

ಸೆಪ್ಟೆಂಬರ್ ೧೮, ಗುರುವಾರ

ಕುಣಿಗಲ್ಲಿಗೆ ಹೋಗಿದ್ದೆ. ಕೆರೆ ನೋಡಿಕೊಳ್ಳುವ ಇಂಜಿನಿಯರು ಮಧ್ಯಾಹ್ನದ ಮೇಲೆ ಸಿಕ್ಕ. ಕೆಂಪು ನೀರಿನ ವಿಷಯ ಹೇಳಿದೆ. ಫೋಟೋ ಇದೆಯಾ ಅಂದ. ಮಗ ತೆಗೆದುಕೊಟ್ಟಿದ್ದನ್ನು ತೋರಿಸಿದೆ. ತನ್ನ ಮೊಬೈಲಿಗೆ ಕಳಿಸಿಕೊಂಡು, ಗ್ರೂಪಿಗೆ ಹಾಕಿದೀನಿ, ಮೇಲಿನವರೆಲ್ಲ ಅದರಲ್ಲಿದ್ದಾರೆ ಅಂದ. ಅವರು ಏನು ಮಾಡುತ್ತಾರೆ ಅಂದೆ. ನೋಡ್ತಾರೆ ಅಂದ.

ತೂಬು ಎತ್ತಿಸು, ಒಂದೆರಡು ಅಡಿ ನೀರು ಇಳಿದರೆ ಏರಿಗೆ ಉಸಿರು ಬರುತ್ತದೆ ಅಂದೆ. ಅವನು ಬಾಗಿಲ ಕಡೆ ನೋಡಿ ದನಿ ಇಳಿಸಿದ.

"ಯಜಮಾನ್ರೇ, ಬಾಗಿನ ಆಗೋವರ್ಗೂ ಕೋಡಿ ಹರೀತಿರ್ಬೇಕು ಅಂತ ಹೇಳವ್ರೆ. ನೀರು ಇಳ್ದೋದ್ಮೇಲೆ ಸಾಹೇಬ್ರು ಬಂದ್ರೆ ಫೋಟೋದಲ್ಲಿ ಏನ್ ಬರುತ್ತೆ?"

ಅವನ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಅವನ ಫೈಲಿನ ಮೇಲೆ ಸುರಿದೆ. ಈಗ ತಗೊಳ್ಳಪ್ಪ ಫೋಟೋ ಅಂದೆ. ಪ್ಯೂನು ಬಂದು ರಟ್ಟೆ ಹಿಡಿದು ಆಚೆ ಬಿಟ್ಟ. ಡಾಕ್ಟರು ಕೂಗಾಡಬೇಡ ಅಂದಿದ್ದ, ನೀರು ಸುರಿಯಬೇಡ ಅಂದಿರಲಿಲ್ಲ.

ಸೆಪ್ಟೆಂಬರ್ ೨೦, ಶನಿವಾರ

ಸಹಾಯವಾಣಿಗೆ ಫೋನು ಮಾಡಿದೆ. ಕನ್ನಡಕ್ಕೆ ಒಂದು ಒತ್ತಿ ಅಂದಳು, ಒತ್ತಿದೆ. ಹಾಡು ಹಾಕಿದರು. ಕೊನೆಗೆ ಒಬ್ಬಳು ಊರು, ಹೋಬಳಿ ಎಲ್ಲ ಕೇಳಿ, ನಿಮ್ಮ ದೂರು ದಾಖಲಾಗಿದೆ ಅಂದಳು. ಯಾವಾಗ ಬರುತ್ತೀರಿ ಅಂತ ಕೇಳುವಷ್ಟರಲ್ಲಿ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ ಅಂತ ಮಿಷನ್ನು ಕೇಳಿತು. ಏನು ಅಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಡಾಕ್ಟರು ಪುಸ್ತಕ ತೋರಿಸು ಅಂದರೆ ಕಷ್ಟ.

ಸೆಪ್ಟೆಂಬರ್ ೨೨, ಸೋಮವಾರ

ಸದಾಶಿವಯ್ಯನ ಹೋಟೆಲಿನಲ್ಲಿ ಜಗಳ. ಒಬ್ಬ ಹಿಂದಿನ ಸರ್ಕಾರದಲ್ಲಾಗಿದ್ದರೆ ಏರಿ ರಿಪೇರಿ ಆಗಿರುತ್ತಿತ್ತು ಅಂದ. ಇನ್ನೊಬ್ಬ ಹಿಂದಿನವರು ರಿಪೇರಿಯ ಬಿಲ್ಲು ಮಾತ್ರ ಮಾಡಿದ್ದು ಅಂದ. ಇಬ್ಬರೂ ಮೇಜು ಕುಟ್ಟಿದರು, ಟೀ ಚೆಲ್ಲಿತು. ಏರಿ ನೋಡಲು ಬನ್ರಯ್ಯ, ಇಲ್ಲೇ ಇದೆ ಅಂದೆ. ಮಳೆ ನಿಲ್ಲಲಿ ಅಂದರು. ಇಷ್ಟು ವರ್ಷ ಇದೇ ಬೆಂಚಿನ ಮೇಲೆ ಕೂತು ನಾನೂ ಎರಡು ಸರ್ಕಾರಗಳನ್ನು ತಕ್ಕಡಿಗೆ ಹಾಕಿದ್ದೇನೆ. ಇವತ್ತು ಅವರ ಮುಖ ನೋಡಲು ಆಗಲಿಲ್ಲ.

ಮನೆಗೆ ಬಂದರೆ ಅವಳು ಒಬ್ಬಳೇ ಇದ್ದಳು. ಮಗನಿಗೆ ಮಧ್ಯಾಹ್ನದ ಶಿಫ್ಟು. ಸುಮ್ಮನೆ ಕೂರಲಾಗದೆ ನಾನೇ ಕೆದಕಿದೆ. ನಿಮ್ಮ ಸರ್ಕಾರ ಹುಟ್ಟಿದಾಗಿನಿಂದ ಅಷ್ಟು ಒಳ್ಳೆಯದೇನಮ್ಮ ಅಂದೆ.

ಅವಳದು ಜಗತ್‌ಸಿಂಗ್‌ಪುರದ ಕಡೆ, ಸಮುದ್ರದ ದಡದ ಹಳ್ಳಿ. ಅವಳು ತಾಯಿಯ ಹೊಟ್ಟೆಯಲ್ಲಿದ್ದಾಗ ದೊಡ್ಡ ಚಂಡಮಾರುತ ಬಂತಂತೆ. ಸಮುದ್ರವೇ ಎದ್ದು ಊರೊಳಗೆ ಬಂತಂತೆ. ಸಾವಿರಾರು ಜನ ಹೋದರಂತೆ. ತಾಯಿಯನ್ನು ಹೇಗೋ ಒಂದು ಸ್ಕೂಲಿನ ಮೇಲೆ ಹತ್ತಿಸಿದರಂತೆ. ಅಜ್ಜಿ ಮಾತ್ರ ಹಸು ಬಿಟ್ಟು ಬರಲ್ಲ ಅಂತ ಕೊಟ್ಟಿಗೆಯಲ್ಲೇ ಉಳಿದಳಂತೆ. ನೀರು ಇಳಿದ ಮೇಲೆ ಸಿಕ್ಕಾಗ ಹಗ್ಗ ಕೈಯಲ್ಲೇ ಇತ್ತಂತೆ.

ಆಗ ಎಲ್ಲಿತ್ತು ನಿಮ್ಮ ಸರ್ಕಾರ ಅಂದೆ.

"ಆಗ ಇರಲಿಲ್ಲ ಮಾವ" ಅಂದಳು. "ಅಷ್ಟು ಜನ ಸತ್ತ ಮೇಲೆ ಕಲಿತರು. ಈಗ ಸೈರನ್ ಹೊಡೀತಾರೆ, ಗಾಡಿ ತರ್ತಾರೆ. ಮೊದಲು ಹಸು ಬಿಚ್ಚಿಸ್ತಾರೆ. ಹಸು ಹೋದರೆ ಅಜ್ಜಿಯರು ಹಿಂದೇನೇ ಬರ್ತಾರೆ."

ಅಲ್ಲಿ ಕಲಿಯಲು ಅಷ್ಟು ಹೆಣ ಬೇಕಾಯಿತು. ನಮ್ಮವರಿಗೆ ಎಷ್ಟು ಬೇಕೋ, ಅದನ್ನಾದರೂ ಗ್ರೂಪಿನಲ್ಲಿ ಹಾಕಿದ್ದಾರೋ ಕೇಳಬೇಕು. ಅವಳು ಅನ್ನ ನೆನೆಸಿ ಈರುಳ್ಳಿ ಕಚ್ಚಿಕೊಂಡು ತಿನ್ನುತ್ತಿದ್ದಳು. ನಮ್ಮ ಅಕ್ಕ ತಿನ್ನುವ ತಂಗಳನ್ನವೇ ಅದು, ಹೆಸರು ಮಾತ್ರ ಬೇರೆ. ನನಗೂ ಒಂದು ಬಟ್ಟಲು ಕೊಟ್ಟಳು. ಹಸಿವಾಗಿತ್ತು.

ಸೆಪ್ಟೆಂಬರ್ ೨೫, ಗುರುವಾರ

ಡೇಟು ಬಂತು. ಭಾನುವಾರ ಬಾಗಿನ. ಏರಿಯ ಮೇಲೆ ಶಾಮಿಯಾನ ಹಾಕಲು ಗೂಟ ಹೊಡೆಯುತ್ತಿದ್ದಾರೆ. ನೆನೆದು ಹಿಟ್ಟಿನ ಮುದ್ದೆಯಾಗಿರುವ ಏರಿಗೆ ಸುತ್ತಿಗೆಯಲ್ಲಿ ಗೂಟ. ಕಾರು ನಿಲ್ಲಲಿ ಅಂತ ಜೆಸಿಬಿ ಹತ್ತಿಸಿ ಮಟ್ಟ ಬೇರೆ ಮಾಡಿಸಿದ್ದಾರೆ. ಬಸವರಾಜನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ಕೈ ಮುಗಿದು, "ಕಾಳಯ್ಯಣ್ಣ, ಭಾನುವಾರ ಒಂದ್ ಕಳೀಲಿ, ಸೋಮವಾರ ನಾನೇ ನಿಂತು ತೂಬು ಎತ್ತಿಸ್ತೀನಿ" ಅಂದ. ನಗುತ್ತಲೇ ಅಂದ. ನನಗೆ ಹೊಡೆಯಬೇಕು ಅನ್ನಿಸಿತು. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

ಸೆಪ್ಟೆಂಬರ್ ೨೭, ಶನಿವಾರ

ರಾತ್ರಿ ಬಹಳ ಹೊತ್ತಾಗಿದೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಅಕ್ಕನ ಹಿತ್ತಲಿಗೆ ಹೋದರೆ ಜಿನುಗುತ್ತಿದ್ದ ಜಾಗದಲ್ಲಿ ತೋಳಿನ ಗಾತ್ರದ ನೀರು. ರಕ್ತದ ಹಾಗೆ ಕೆಂಪಗೆ. ಇಂಜಿನಿಯರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಏರಿಯ ಮೇಲೆ ಮೈಕು ಟೆಸ್ಟು ನಡೆಯುತ್ತಿತ್ತು.

ಕೆಳಗಿನ ಬೀದಿಯ ಮನೆಮನೆಗೂ ಹೋದೆ. ಎದ್ದು ಮೇಲಿನ ಸ್ಕೂಲಿಗೆ ನಡೀರಿ ಅಂತ ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ, ಡಾಕ್ಟರು ಹಾಳಾಗಿಹೋಗಲಿ. ಒಬ್ಬರೂ ಏಳಲಿಲ್ಲ. ನಾಳೆ ಬಾಗಿನ, ಇವತ್ತು ಮನೆ ಬಿಟ್ಟರೆ ಗಂಗಮ್ಮ ಸುಮ್ಮನಿರುತ್ತಾಳಾ ಅಂದರು. ಹನುಮಂತಮ್ಮ ಅನ್ನುವವಳು ಬಾಗಿಲಲ್ಲಿ ನಿಂತು, "ಸರ್ಕಾರದೋರು ಹೇಳವ್ರಾ, ನೀವೇ ಹೇಳ್ತಿರೋದಾ?" ಅಂದಳು. ನಾನೇ ಅಂದೆ. ಹಾಗಾದರೆ ಟೀ ಕುಡಿದು ಹೋಗಿ ಅಂದಳು.

ಅಕ್ಕನನ್ನು ಎಳೆದೆ. ಕಂಬ ತಬ್ಬಿಕೊಂಡಳು. ಬೇಕಾದರೆ ನನ್ನ ಹೆಣ ಎತ್ತಿಕೊಂಡು ಹೋಗು ಕಣ್ಲಾ ಅಂದಳು.

ಅಷ್ಟರಲ್ಲಿ ಸೊಸೆ ಬಂದಳು, ಹಿಂದೆ ಲಕ್ಷ್ಮೀಕಾಂತ. ಶಿಫ್ಟಿಗೆ ಹೊರಟವರು ಫ್ಯಾಕ್ಟರಿಯ ನೀಲಿ ಕೋಟಿನಲ್ಲೇ ಇದ್ದರು. ಅವಳು ಹಿತ್ತಲಿನ ನೀರು ನೋಡಿದಳು. ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ.

"ಜನ ಬಿಡಿ ಮಾವ. ಹಸು ಬಿಚ್ಚಿ."

ಅಕ್ಕನ ಹಸುವಿನ ಹಗ್ಗ ಬಿಚ್ಚಿ, ಬೆನ್ನ ಮೇಲೊಂದು ಏಟು ಕೊಟ್ಟು, ಎಳೆದುಕೊಂಡು ಓಡಿದಳು. ಅಕ್ಕ ಕಂಬ ಬಿಟ್ಟಳು. ಪೊರಕೆ ಹಿಡಿದು, "ಲೇ ಒರಿಸ್ಸಾದೋಳೇ, ನನ್ ಹಸು ಬುಡೇ" ಅಂತ ಈ ವಯಸ್ಸಿನಲ್ಲಿ ಹಿಂದೆ ಓಡಿದಳು. ಆಮೇಲೆ ನಾನು, ಮಗ, ಇಬ್ಬರೂ ಶುರು ಮಾಡಿದೆವು. ಪಕ್ಕದ ಮನೆಯ ಎಮ್ಮೆ, ಅದರಾಚೆಯ ಜೋಡೆತ್ತು, ಹನುಮಂತಮ್ಮನ ಮೇಕೆಗಳು. ಬಿಚ್ಚಲಾಗದ ಹಗ್ಗವನ್ನು ಕುಡುಗೋಲಿನಲ್ಲಿ ಕತ್ತರಿಸಿದೆ. ಕಳ್ಳರು ಬಂದರು ಅಂತ ಬೀದಿಗೆ ಬೀದಿಯೇ ಎದ್ದಿತು. ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು, ಗಂಡಸರು ದೊಣ್ಣೆ ಹಿಡಿದು ಹಿಂದೆ ಬಂದರು. ಒಬ್ಬ ನನ್ನ ಬೆನ್ನಿಗೆ ಒಂದು ಬಿಟ್ಟ, ಇನ್ನೂ ಉರಿಯುತ್ತಿದೆ. ಬೀಗ ಹಾಕಲು ಯಾರಿಗೂ ಪುರುಸೊತ್ತಿರಲಿಲ್ಲ, ಆ ಮಟ್ಟಿಗೆ ಪದ್ಧತಿಯೂ ಉಳಿಯಿತು. ಏರಿಯ ಮೇಲೆ ಶಾಮಿಯಾನ ಕಟ್ಟುತ್ತಿದ್ದವರು ಜಗಳ ನೋಡಲು ಕೆಲಸ ಬಿಟ್ಟು ಇಳಿದು ಬಂದರು. ಬಸವರಾಜನೂ ಬಂದ, ಪೊಲೀಸರನ್ನು ಕರೆಯುತ್ತೀನಿ ಅಂತ.

ಸ್ಕೂಲಿನ ಮೈದಾನದಲ್ಲಿ ಸೊಸೆಯನ್ನು ಸುತ್ತುಗಟ್ಟಿ ಎಲ್ಲರೂ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಅವಳು ಹಸುವಿನ ಕುತ್ತಿಗೆ ತಬ್ಬಿ ನಿಂತಿದ್ದಳು. ಆಗ ಲಾರಿಯ ಟೈರು ಸಿಡಿದ ಹಾಗೆ ಶಬ್ದ ಬಂತು. ಮೊದಲು ಶಾಮಿಯಾನ ಬಾಗಿತು, ಮೆಲ್ಲಗೆ, ಯಾರೋ ಕೂತುಕೊಂಡ ಹಾಗೆ. ಆಮೇಲೆ ಏರಿ ಇರಲಿಲ್ಲ.

ನೀರು ಬೀದಿಯ ಮೊದಲ ಮನೆಗೆ, ಅಂದರೆ ಅಕ್ಕನ ಮನೆಗೆ ಹೋಯಿತು. ತೆಗೆದಿದ್ದ ಬಾಗಿಲಿನಿಂದ ಒಳಗೆ ಹೋಗಿ ಗೋಡೆಯನ್ನು ಜೊತೆಗೆ ಕರೆದುಕೊಂಡು ಆಚೆ ಬಂತು. ಅಕ್ಕ ಪೊರಕೆ ಕೆಳಗಿಟ್ಟು ನೀರಿಗೆ ಕೈ ಮುಗಿದಳು.

"ಬಾಗ್ಲು ತೆಗ್ದೇ ಮಡಗಿದ್ದೆ ಕಣವ್ವ" ಅಂದಳು. ಇಷ್ಟು ಮೆಲ್ಲಗೆ ಅವಳು ಮಾತಾಡಿದ್ದು ನಾನು ಕೇಳಿಲ್ಲ.

ಸೊಸೆಗೆ ಹಗ್ಗ ಕೊಡಮ್ಮ, ನಾನು ಹಿಡಿದುಕೊಳ್ಳುತ್ತೇನೆ ಅಂದೆ. ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಸೆಪ್ಟೆಂಬರ್ ೨೮, ಭಾನುವಾರ

ಶಾಸಕರು ಬರಲಿಲ್ಲ. ಬೇರೆ ಊರಿನ ಕೆರೆಗೆ ಬಾಗಿನ ಬಿಟ್ಟರಂತೆ. ಅದೂ ತುಂಬಿ ಹರಿಯುತ್ತಿತ್ತಂತೆ.

ಟಿವಿಯಲ್ಲಿ ಹೇಳಿದರು, ಆಡಳಿತ ಸಕಾಲಕ್ಕೆ ಎಚ್ಚೆತ್ತುಕೊಂಡಿದ್ದರಿಂದ ಪ್ರಾಣಹಾನಿ ಆಗಿಲ್ಲವಂತೆ. ರಿಮೋಟು ಒಡೆದಿದೆ. ಮಗ ಕೇಳಿದರೆ ಕೈ ಜಾರಿತು ಅನ್ನಬೇಕು.

ಅಕ್ಟೋಬರ್ ೩, ಶುಕ್ರವಾರ

ಇವತ್ತು ಒಬ್ಬ ಅಧಿಕಾರಿ ಬಂದ. ಬೂಟಿಗೆ ಕೆಸರಾಗುತ್ತದೆ ಅಂತ ರಸ್ತೆಯಲ್ಲೇ ನಿಂತು ಕೇಳಿದ. ಸತ್ತವರು? ಯಾರೂ ಇಲ್ಲ. ಜಾನುವಾರು? ಎಲ್ಲ ಇವೆ. ಪೆನ್ನಿನ ಟೋಪಿ ಹಾಕಿದ. ಮನೆಗಳು ಹೋಗಿವೆಯಲ್ಲಪ್ಪ ಅಂದೆ. ಅವು ಕೆರೆ ಜಾಗದಲ್ಲಿವೆಯೋ ಏನೋ ಸರ್ವೆ ಆಗಬೇಕು ಅಂದ. ಗುಬ್ಬಿ ಕಡೆಯ ಒಂದು ಊರಿನಲ್ಲಿ ಗೋಡೆ ಕುಸಿದು ಒಬ್ಬ ಹೆಂಗಸು ಸತ್ತಿದ್ದಾಳೆ, ಮಂತ್ರಿಗಳೇ ಹೋಗಿದ್ದರು, ಮರುದಿನವೇ ಚೆಕ್ಕು, ಹೊಸ ಮನೆ, ನಾವೆಲ್ಲ ಅಲ್ಲೇ ಬಿಜಿ ಇದ್ದೆವು ಅಂದ. ನಿಮ್ಮದು ಏನೂ ಆಗಿಲ್ಲವಲ್ಲ, ಪುಣ್ಯ ಅಂದ.

ಸ್ಕೂಲಿನ ವರಾಂಡದಲ್ಲಿ ಕೂತಿದ್ದ ಅಕ್ಕ ಕೇಳಿಸಿಕೊಂಡಳು.

"ನಾನೊಬ್ಳಾದ್ರೂ ಸತ್ತಿದ್ರೆ ಇವ್ರಿಗೆಲ್ಲ ಮನೆ ಬತ್ತಿತ್ತೇನೋ ಕಣ್ಲಾ."

ಬೀದಿಯವರು ಯಾರೂ ಅಲ್ಲಗಳೆಯಲಿಲ್ಲ. ಒಂದಿಬ್ಬರು ಸೊಸೆಯ ಕಡೆ ನೋಡಿದರು. ಅವಳು ಅನ್ನದ ಪಾತ್ರೆ ತಂದಿದ್ದಳು, ಕೆಳಗಿಟ್ಟು ಹೊರಟುಬಿಟ್ಟಳು. ಮನೆಯಲ್ಲಿ, "ನಾನು ತಪ್ಪು ಮಾಡಿದ್ನಾ ಮಾವ?" ಅಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಆಚೆ ಹೊರಟೆ.

ಅಕ್ಟೋಬರ್ ೬, ಸೋಮವಾರ

ಗುಬ್ಬಿ ಬಸ್ಸು ಹತ್ತಿದೆ. ಸತ್ತವರ ಮನೆಗೆ ಸರ್ಕಾರ ಹೇಗೆ ಬರುತ್ತದೆ ನೋಡಿಕೊಂಡು ಬರೋಣ, ಬಂದು ಇಲ್ಲಿಯ ಅಧಿಕಾರಿಗಳ ಮುಖಕ್ಕೆ ಹಿಡಿಯೋಣ ಅಂತಲೇ ಹೋದದ್ದು.

ಎಲ್ಲ ನಿಜ. ರಸ್ತೆಗೆ ಹೊಸ ಜಲ್ಲಿ, ಕಂಬಕ್ಕೆ ಹೊಸ ಬಲ್ಬು, ಮಂತ್ರಿಗಳಿಗೆ ಹಾಕಿದ್ದ ಬ್ಯಾನರು. ಬಿದ್ದ ಮನೆಯ ಪಕ್ಕ ಹೊಸ ಪಾಯಕ್ಕೆ ಸುಣ್ಣದಲ್ಲಿ ಗೆರೆ ಎಳೆದಿದ್ದರು. ಆ ಗೆರೆಗಳ ನಡುವೆ ಒಬ್ಬ ಕೂತಿದ್ದ. ಹೆಸರು ವೆಂಕಟರಂಗಯ್ಯ, ನನಗಿಂತ ಸ್ವಲ್ಪ ಚಿಕ್ಕವನು. ಸತ್ತವಳು ಅವನ ಹೆಂಡತಿ. ನಾನೂ ಸರ್ಕಾರದವನು ಅಂದುಕೊಂಡು ಎದ್ದು ನಿಂತು ತೋರಿಸಿದ.

"ಇಲ್ಲಿ ಅಡ್ಗೆ ಮನೆ ಬತ್ತದಂತೆ" ಅಂದ. "ಕಿಟಕಿ ಯಾವ್ ಕಡೀಕ್ ಮಡಗ್ಬೇಕು ಅಂತ ಕೇಳವ್ರೆ. ನಂಗೇನ್ ಗೊತ್ತು."

ಕೇಳಬೇಕು ಅಂತ ಹೋಗಿದ್ದ ಯಾವುದನ್ನೂ ಕೇಳಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದೆ. ಅಲ್ಲಿ ಸರ್ಕಾರ ಓಡೋಡಿ ಬಂದಿದೆ, ಇಲ್ಲಿ ಬಂದೇ ಇಲ್ಲ. ಅದೇ ಅಧಿಕಾರಿ, ಅದೇ ಜೀಪು. ಹೆಣ ಇದ್ದ ಕಡೆ ಬೂಟಿಗೆ ಕೆಸರು ಹತ್ತುತ್ತದೆ, ಇಲ್ಲದ ಕಡೆ ಹತ್ತುವುದಿಲ್ಲ, ಅಷ್ಟೇ ವ್ಯತ್ಯಾಸ.

ಸ್ಕೂಲಿಗೆ ಹೋಗಿ ಅಕ್ಕನ ಗಂಟು ಎತ್ತಿ ಹೆಗಲ ಮೇಲೆ ಹಾಕಿಕೊಂಡೆ. ಆವತ್ತು ಆಡಿದ ಮಾತು ಇನ್ನೊಂದು ಸಲ ಆಡಿದರೆ ಹಲ್ಲು ಉದುರಿಸುತ್ತೀನಿ ಅಂದೆ. ಹಲ್ಲೇ ಇಲ್ಲ ಕಣ್ಲಾ ಅಂದು ಹಸು ಹಿಡಿದು ಹಿಂದೆ ಬಂದಳು. ನಮ್ಮ ಮನೆ ಬಾಗಿಲಲ್ಲಿ ಸಸ್ಮಿತಾ ನಿಂತಿದ್ದಳು. ತಪ್ಪಂತೆ ತಪ್ಪು, ಅನ್ನ ಹಾಕು ನಡಿ ಅಂದೆ.

ಅಕ್ಟೋಬರ್ ೧೨, ಭಾನುವಾರ

ಮೊಬೈಲಿಗೆ ಮೆಸೇಜು. ಸಹಾಯವಾಣಿಯಿಂದ. ಕೆರೆ ಏರಿ ಸೋರಿಕೆಯ ಬಗ್ಗೆ ತಾವು ನೀಡಿದ ದೂರನ್ನು ಪರಿಹರಿಸಲಾಗಿದೆ.

ಹೋಗಿ ನೋಡಿ ಬಂದೆ. ನಿಜ. ಸೋರುತ್ತಿಲ್ಲ. ಕೆರೆಯಲ್ಲಿ ಹನಿ ನೀರಿಲ್ಲ.

ಅಕ್ಟೋಬರ್ ೨೮, ಮಂಗಳವಾರ

ಬೆಳಿಗ್ಗೆ ಹನುಮಂತಮ್ಮ ಇನ್ನೂ ನಾಲ್ಕು ಮನೆಯವರನ್ನು ಕರೆದುಕೊಂಡು ಬಂದಿದ್ದಳು. ಮನೆ ವಿಷಯಕ್ಕೆ ಕುಣಿಗಲ್ ಆಫೀಸಿನ ಮುಂದೆ ಕೂರೋಣ, ನೀವೇ ಮಾತಾಡಬೇಕು ಅಂದಳು. ಕೂರುವುದಾದರೆ ಎಮ್ಮೆ, ಮೇಕೆ ಎಲ್ಲ ಹೊಡೆದುಕೊಂಡು ಹೋಗಿ ಬಾಗಿಲಲ್ಲೇ ಕಟ್ಟೋಣ, ಬೂಟಿಗೆ ಸಗಣಿಯಾದರೂ ಹತ್ತಲಿ ಅಂದೆ. ಗುರುವಾರ ಅಂತ ಆಯಿತು.

ಮಧ್ಯಾಹ್ನ ಟಿವಿ ಹಾಕಿದರೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ. ಪರದೆಯ ಮೇಲೆ ಬಿಳಿ ಮೋಡ ಬಸ್ಸಿನ ಚಕ್ರದ ಹಾಗೆ ತಿರುಗುತ್ತಿತ್ತು. ಒರಿಸ್ಸಾದ ದಡಕ್ಕೂ ಹೊಡೆಯುತ್ತದಂತೆ. ಸಸ್ಮಿತಾ ಫೋನು ಕಿವಿಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಒಲೆಯ ಮೇಲೆ ಬದನೆಕಾಯಿ. ಸಾಸಿವೆ ಅರೆದು ಹಾಕುತ್ತಾಳಲ್ಲ, ಅದು. ಸೀದ ವಾಸನೆ ಬಂತು, ನಾನೇ ಎದ್ದು ಇಳಿಸಿದೆ.

ಲೈನು ಸಿಕ್ಕಿತು. ಅವಳ ತಾಯಿ ನಿನ್ನೆಯೇ ದೊಡ್ಡ ಕಟ್ಟಡಕ್ಕೆ ಹೋಗಿ ಸೇರಿದ್ದಾರಂತೆ. ಸೈರನ್ ಆಗಿದೆಯಂತೆ, ಗಾಡಿ ಬಂದಿತ್ತಂತೆ, ಊಟವೂ ಆಯಿತಂತೆ. ಅವರ ಭಾಷೆಯಲ್ಲಿ ಏನೇನೋ ಮಾತಾಡಿ, ನನಗೆ ಇಷ್ಟು ಹೇಳಿ ಫೋನು ಇಡಲು ಹೋದಳು.

"ತಡಿಯಮ್ಮ" ಅಂದೆ. "ಹಸು ಬಿಚ್ಚಿದ್ರಾ ಕೇಳು."

ನನ್ನ ಮುಖ ನೋಡಿದಳು. ಆಮೇಲೆ ಕೇಳಿದಳು. ನಿನ್ನೆಯೇ ಬಿಚ್ಚಿದ್ದಾರಂತೆ, ಎತ್ತರದ ಜಾಗದಲ್ಲಿ ಕಟ್ಟಿದ್ದಾರಂತೆ.

ಅಂಗಳದಲ್ಲಿ ಹುಲ್ಲು ಹಾಕುತ್ತಿದ್ದ ಅಕ್ಕ ಅಲ್ಲಿಂದಲೇ, "ಯಾವ್ ಬಣ್ಣದ್ದು ಅಂತ ಕೇಳೇ" ಅಂದಳು.

ಕೆಂದ ಹಸುವಂತೆ. ಗಾಳಿ ಇನ್ನೂ ದಡಕ್ಕೆ ಬಂದಿಲ್ಲ.